ಕಡಗದ ಒಳಮೈ

ಶಹಾಪುರ, ಬೆಳಗಾವಿ
9 ಜೂನ್ 2025

ಅಪ್ಪಾ,

ನಿಮ್ಮ ಜೀವ ಉಳಿಸಬೇಕಾದ ಅಕ್ಷರಗಳನ್ನು ಯಾರಿಗೂ ಕಾಣದಂತೆ ಒಳಮುಖ ಮಾಡಿಸಿಕೊಂಡಿದ್ದೀರಿ. ಇದು ತಪ್ಪು. ಮೊದಲು ಇಷ್ಟನ್ನು ಬರೆದುಬಿಡುತ್ತೇನೆ, ಕ್ಷೇಮ ಸಮಾಚಾರ ಆಮೇಲೆ.

ನಿನ್ನೆ ನಾನು ಖಾನಾಪುರಕ್ಕೆ ಬಂದಿದ್ದಾಗ ನೀವು ಊಟಕ್ಕೆ ಮುಂಚೆ ಕೈ ತೊಳೆಯಲು ಬೆಳ್ಳಿ ಕಡಗ ತೆಗೆದು ಬಚ್ಚಲ ಕಟ್ಟೆಯ ಮೇಲೆ ಇಟ್ಟಿರಿ. ಪ್ರಾಯದಲ್ಲಿ ಕುಸ್ತಿ ಗೆದ್ದು ತಂದ ಕಡಗ. ಎಷ್ಟೋ ವರ್ಷ ಪೆಟ್ಟಿಗೆಯಲ್ಲಿದ್ದದ್ದು ಮತ್ತೆ ಕೈಗೆ ಏಕೆ ಬಂತು ಎಂದು ಎತ್ತಿ ನೋಡಿದೆ. ಒಳಗಡೆ, ಚರ್ಮಕ್ಕೆ ತಾಗುವ ಮೈಯಲ್ಲಿ, ನಾನು ಮಾಡಿಸಿಕೊಟ್ಟಿದ್ದ ಸ್ಟೀಲ್ ಬಿಲ್ಲೆ ಕೂತಿತ್ತು. ಅದರ ಸರಪಳಿಯನ್ನು ಕಿತ್ತು ಬಿಸಾಡಿ, ಬಿಲ್ಲೆಯನ್ನು ಮಾತ್ರ ಅಕ್ಕಸಾಲಿಗನಿಂದ ಕಡಗದೊಳಗೆ ಕೂರಿಸಿಕೊಂಡಿದ್ದೀರಿ. ಕೇಳಿದರೆ ನಕ್ಕಿರಿ.

"ಕೈಯಾಗ ಇರ್ಲಿ ಅಂದಿದ್ರು ಡಾಕ್ಟರು. ಐತಲ್ಲ ಕೈಯಾಗ. ಯಾವ ಮಗ್ಗಲಕ್ಕ ಅಂತ ಅವರೂ ಹೇಳಿಲ್ಲ, ನಾನೂ ಕೇಳಿಲ್ಲ."

ಅಷ್ಟರಲ್ಲಿ ನಿಮ್ಮಕ್ಕ ರಾಧಾ ಅತ್ಯಾ ಪಕ್ಕದ ಓಣಿಯ ತನ್ನ ಮನೆಯಿಂದ ರೊಟ್ಟಿ ಬುಟ್ಟಿ ಹಿಡಿದು ಬಂದಳು. ಅವಳಿಗೆ ಇದಾವುದೂ ಗೊತ್ತಿಲ್ಲವೆಂದು ಕಡಗವನ್ನು ತಿರುಗಿ ಕಟ್ಟೆಯ ಮೇಲೆ ಇಟ್ಟೆ.

ಆ ಬಿಲ್ಲೆಯ ಮೇಲೆ ಏನಿದೆ ಎಂದು ನಿಮಗೆ ನೆನಪಿದೆಯೋ ಇಲ್ಲವೋ, ಮತ್ತೊಮ್ಮೆ ಬರೆಯುತ್ತೇನೆ. ತೂಕ ಇಳಿಸುವ ಆಪರೇಷನ್ ಆಗಿದೆ, ಹೊಟ್ಟೆಗೆ ಬೈಪಾಸ್ ಮಾಡಿದೆ. ಮೂಗಿನಿಂದ ನಳಿಕೆ ಇಳಿಸಬೇಡಿ. ನೋವಿನ ಮಾತ್ರೆ ಕೊಡಬೇಡಿ. ಬಾಯಿಂದ ಸಕ್ಕರೆ ಕೊಡಬೇಡಿ. ಕೊನೆಗೆ ನನ್ನ ಫೋನ್ ನಂಬರು. ಇವು ಅಲಂಕಾರಕ್ಕೆ ಕೆತ್ತಿದ ಮಾತುಗಳಲ್ಲ. ನಿಮ್ಮ ಹೊಟ್ಟೆ ಈಗ ಒಂದು ಮೊಟ್ಟೆಯಷ್ಟಿದೆ. ಕರುಳನ್ನು ತಂದು ಅದಕ್ಕೆ ಹೊಲಿದಿದ್ದಾರೆ. ಗೊತ್ತಿಲ್ಲದ ಡಾಕ್ಟರು ನಳಿಕೆ ತೂರಿಸಿದರೆ ಆ ಹೊಲಿಗೆ ಹರಿಯಬಹುದು. ನೋವಿನ ಮಾತ್ರೆಯಿಂದ ಅಲ್ಲಿ ಹುಣ್ಣಾಗಿ ರಕ್ತ ಸುರಿಯಬಹುದು. ಒಂದು ಲೋಟ ಶರಬತ್ತು ಕುಡಿಸಿದರೆ ನೀವು ಬೆವರಿ, ಎದೆ ಹೊಡೆದುಕೊಂಡು, ಕೂತಲ್ಲೇ ಉರುಳಬಹುದು. ನೀವು ಮಾತಾಡಲಾಗದೆ ಬಿದ್ದಾಗ ನಿಮ್ಮ ಪರವಾಗಿ ಮಾತಾಡಲಿ ಎಂದೇ ಅದನ್ನು ಕೈಗೆ ಹಾಕುವುದು. ನೀವು ಅದರ ಬಾಯನ್ನು ನಿಮ್ಮ ಚರ್ಮಕ್ಕೇ ಒತ್ತಿ ಹಿಡಿದಿದ್ದೀರಿ. ನೋಡಿದವರು ಪೈಲವಾನರ ಕಡಗ ಎಂದು ಕೈ ಮುಗಿಯುತ್ತಾರೆ, ತಿರುಗಿಸಿ ಓದುವುದಿಲ್ಲ.

ಇನ್ನೊಂದು ತಪ್ಪು ಇದಕ್ಕಿಂತ ದೊಡ್ಡದು. ಆಪರೇಷನ್ ಮುಚ್ಚಿಡಲು ಕೊಲ್ಲಾಪುರದ ವ್ಯಾಯಾಮ ಶಿಬಿರಕ್ಕೆ ಹೋಗಿದ್ದೆ ಎಂದು ಊರಿಗೆ ಹೇಳಿದಿರಿ, ಇರಲಿ. ಆದರೆ ಮಾರುತಿ ಗುಡಿಯ ಭಜನಾ ಮಂಡಳಿಯ ಹೆಂಗಸರ ಮುಂದೆ ನಿಂತು ಬಾಯಿ ಕಟ್ಟಿದ್ದರಿಂದಲೇ ಅರ್ಧ ಆದೆ ಎಂದು ಭಾಷಣ ಮಾಡಿದಿರಂತೆ. ಅವ್ವ ಹೋದಾಗಿನಿಂದ ನಿಮಗೆ ಮೂರು ಹೊತ್ತು ಬೇಯಿಸಿ ಹಾಕುವ ಅತ್ಯಾಳೂ ಆ ಹೆಂಗಸರ ನಡುವೆ ಕೂತಿದ್ದಳು. ನಿನ್ನೆ ಬಾಜು ಮನೆಯ ಬಾಳವ್ವ ಬಾಗಿಲಲ್ಲಿ ನಿಂತು ಏನೆಂದಳು, ನೀವೂ ಕೇಳಿದಿರಿ.

"ರಾಧಾಬಾಯಿ, ತಮ್ಮನ್ನ ನೋಡಿ ಕಲೀರಿ. ಅಂವ ಅರ್ಧ ಆದ, ನೀವು ಡಬಲ್ ಆದ್ರಿ."

"ಅಂವ ಬಿಟ್ಟದ್ದನ್ನ ಯಾರರ ತಿನ್ನಬೇಕಲ್ಲಬೇ" ಎಂದು ಅತ್ಯಾ ನಕ್ಕಳು. ನಗುತ್ತಲೇ ತಟ್ಟೆಯಲ್ಲಿದ್ದ ಎರಡನೆಯ ರೊಟ್ಟಿಯನ್ನು ಬುಟ್ಟಿಗೆ ಹಾಕಿ ಎದ್ದಳು. ಅವಳಿಗೆ ಸಕ್ಕರೆ ಕಾಯಿಲೆ ಇದೆ. ಎರಡು ಹೊತ್ತು ಗುಳಿಗೆ ನುಂಗುವವಳು. ನೀವು ತಲೆ ಎತ್ತದೆ ಬೇಳೆ ಕಲೆಸುತ್ತಿದ್ದಿರಿ.

ಬಿಲ್ಲೆಯನ್ನು ಹೊರಗೆ ಹಾಕಿಸಿ. ಅತ್ಯಾಳಿಗೆ ನಿಜ ಹೇಳಿ. ಇವೆರಡೇ ನನ್ನ ಬೇಡಿಕೆ. ಫೋನಿನಲ್ಲಿ ಹೇಳಿದರೆ ‘ಆವಾಜ್ ಬರವಲ್ದು’ ಎಂದು ಕಡಿದು ಹಾಕುತ್ತೀರಿ, ಅದಕ್ಕೇ ಕಾಗದ.

ನಾನು ಕ್ಷೇಮ. ಪ್ರೆಸ್ಸಿನಲ್ಲಿ ಕೆಲಸ ಬಹಳ ಇದೆ.

ನಿಮ್ಮ ಮೇಲೆ ಸಿಟ್ಟಾಗಿರುವ ಮಗಳು,
ಮುಗ್ಧಾ


ಖಾನಾಪುರ
21 ಜೂನ್ 2025

ಚಿ. ಮುಗ್ಧಾಳಿಗೆ ಆಶೀರ್ವಾದ.

ನಿನ್ನ ಕಾಗದವನ್ನು ಪೋಸ್ಟಮನ್ ತಾಲೀಮಿನಲ್ಲಿ, ನಾನು ಕುಸ್ತಿ ಕಲಿಸುವ ಹುಡುಗರ ಮುಂದೆ ಕೊಟ್ಟ. "ವಸ್ತಾದ್ರ, ಭಾಳ ದಪ್ಪ ಐತ್ರಿ, ಲಗ್ನದ ಮಾತೇನ್ರಿ?" ಎಂದು ಕೇಳಿದ. ಹೌದು ಎಂದೆ. ಇನ್ನೇನು ಹೇಳಲಿ? ಮಗಳು ಅಪ್ಪನಿಗೆ ನೋಟೀಸು ಕಳಿಸಿದ್ದಾಳೆ ಎನ್ನಲೇ?

ನೀನು ‘ತಪ್ಪು’ ಎಂಬ ಶಬ್ದವನ್ನು ಶಾಲಾ ಮಾಸ್ತರರಂತೆ ಬರೆಯುತ್ತೀ. ನೀನು ಓದುವ ಎಂಟು ಪುಟದ ಪುಸ್ತಕಗಳಲ್ಲಿ ಎಲ್ಲದಕ್ಕೂ ಉತ್ತರ ಇರುತ್ತದೆ. ನನಗೆ ಒಂದಕ್ಕೆ ಉತ್ತರ ಕೊಡು.

ಎರಡು ವರ್ಷದ ಹಿಂದೆ, ಆಪರೇಷನ್‌ಗೆ ಮೊದಲು, ಒಂದು ದಿನ ಲೋಂಡಾಕ್ಕೆ ಹೋಗುವ ಬಸ್ಸು ಹತ್ತಿದೆ. ಮೊಣಕಾಲು ಹೋಗಿದ್ದವು, ಮೆಟ್ಟಿಲು ಹತ್ತಲು ಸರಳು ಹಿಡಿದು ಜಗ್ಗಿಕೊಳ್ಳಬೇಕಿತ್ತು. ಕಂಡಕ್ಟರ್ ಎಲ್ಲರಿಗೂ ಕೇಳುವಂತೆ "ಪೈಲವಾನ್ರ, ಎರಡ ತಿಕೀಟ್ ಹರೀಲೇನ್ರಿ?" ಎಂದ. ಬಸ್ಸು ನಕ್ಕಿತು. ನಾನೂ ನಕ್ಕೆ. ಲೋಂಡಾ ಬರುವತನಕ ನಗುಮುಖ ಇಟ್ಟುಕೊಂಡು ಕೂತೆ. ತಾಲೀಮಿನಲ್ಲಿ ಹುಡುಗರು "ನೀವು ಕುಂದರ್ರಿ ವಸ್ತಾದ್ರ, ನಾವ ಮಾಡ್ತೇವಿ" ಎನ್ನತೊಡಗಿದ್ದರು. ಒಬ್ಬೊಬ್ಬರಾಗಿ ಬಿಟ್ಟೂ ಹೋದರು. ಆಪರೇಷನ್ ಆಗಿ ಮೈ ಇಳಿದ ಮೇಲೆ ನನ್ನನ್ನು ನೋಡಿ ಅವರೇ ಸಾಲುಗಟ್ಟಿ ನಿಂತರು. ಹೆಂಗ ಮಾಡಿದ್ರಿ ಎಂದು ಕೇಳಿದರು. ಮಿತ ಊಟ, ನಸುಕಿನಲ್ಲಿ ನಡಿಗೆ ಎಂದೆ. ಅವೆರಡನ್ನೂ ನಾನು ಮಾಡುತ್ತೇನೆ. ಸುಳ್ಳು ಎಲ್ಲಿ ಬಂತು?

ಈಗ ಹೇಳು. ಊರ ಮುಂದೆ ತೊಡೆ ತಟ್ಟಿ ನಿಂತವನ ಹೊಟ್ಟೆಯನ್ನು ಬೆಳಗಾವಿಯಲ್ಲಿ ಕೊಯ್ದು ಸಣ್ಣ ಮಾಡಿದರು ಎಂದು ಜನ ಆಡಿಕೊಂಡರೆ ಆ ತಾಲೀಮಿನ ಮಣ್ಣಿನಲ್ಲಿ ನಾನು ಹೇಗೆ ನಿಲ್ಲಲಿ? ಸ್ಟೀಲ್ ಸರಪಳಿ ಕಂಡವರೆಲ್ಲ ಏನಿದು ಎಂದು ಕೇಳುತ್ತಿದ್ದರು. ನಮ್ಮ ತಾಲೀಮಿನ ಗಜಾನನನಂತೂ ಹಿಡಿದು ಓದಲು ಬಂದಿದ್ದ. ಬೆಳ್ಳಿ ಕಡಗವನ್ನು ಯಾರೂ ಕೇಳುವುದಿಲ್ಲ.

ಮಂಡಳಿಯವರು ತಾವಾಗಿ ಕರೆದರು, ಹೋದೆ. ನಾಲ್ಕು ಮಾತು ಹೇಳಿದೆ, ಚಪ್ಪಾಳೆ ಹೊಡೆದರು. ಅಕ್ಕ ಕೂಸಲ್ಲ. ಒಂದು ರೊಟ್ಟಿ ಕಡಿಮೆ ತಿಂದರೆ ಅವಳಿಗೂ ಒಳ್ಳೆಯದೇ.

ಇದು ನನ್ನ ಮೈ. ಇದರ ಸಂಗತಿ ಹೇಳುವುದಿದ್ದರೆ ನಾನು ಹೇಳಬೇಕು, ಇಲ್ಲದಿದ್ದರೆ ಯಾರೂ ಹೇಳಬಾರದು. ನೀನು ಹೇಳಿದರೆ ಈ ಮನೆಯ ಹೊಸ್ತಿಲು ದಾಟಬೇಡ.

ಬಾಳಕೃಷ್ಣ


ಶಹಾಪುರ, ಬೆಳಗಾವಿ
28 ಜೂನ್ 2025

ಅಪ್ಪಾ,

ನಿಮ್ಮ ಕಾಗದದಲ್ಲಿ ನನ್ನನ್ನು ಕಟ್ಟಿಹಾಕುವ ಸಾಲು ಒಂದೇ, ಅದೂ ಬೆದರಿಕೆಯ ಸಾಲಲ್ಲ. ‘ಹೇಳುವುದಿದ್ದರೆ ನಾನು ಹೇಳಬೇಕು.’ ಇದು ಸರಿ. ಸರಿ ಇರುವುದರಿಂದಲೇ ನನಗೆ ನಿದ್ದೆ ಹತ್ತುವುದಿಲ್ಲ.

ನೀವು ಹೀಯಾಳಿಸಿದ ಎಂಟು ಪುಟದ ಪುಸ್ತಕ ನಮ್ಮ ಪ್ರೆಸ್ಸಿನಲ್ಲೇ ಅಚ್ಚಾದದ್ದು. ರೋಗಿಯ ಹಕ್ಕುಗಳ ಬಗ್ಗೆ. ಹಾಳೆಗಳನ್ನು ಮಡಿಸಿ ಪಿನ್ನು ಹೊಡೆದವಳು ನಾನು, ಬಸ್ ನಿಲ್ದಾಣದಲ್ಲಿ ನಿಂತು ಹಂಚಿದವಳೂ ನಾನು. ರೋಗಿಯ ಒಪ್ಪಿಗೆ ಇಲ್ಲದೆ ಅವನ ಮೈಯ ವಿಷಯವನ್ನು ಹೆಂಡತಿ ಮಕ್ಕಳೂ ಬೇರೆಯವರಿಗೆ ಹೇಳಬಾರದು ಎಂದು ಅದರಲ್ಲಿದೆ. ಕ್ಷಯ ಇದ್ದ ಹುಡುಗಿಯ ಸುದ್ದಿಯನ್ನು ಓಣಿಗೆಲ್ಲ ಹಂಚಿದ ಅತ್ತೆಯೊಬ್ಬಳ ಜೊತೆ ಇದೇ ಸಾಲು ಹಿಡಿದು ನಾನು ಜಗಳ ಮಾಡಿದ್ದೇನೆ. ಊರಿಗೆಲ್ಲ ಹಂಚಿದ ನಿಯಮವನ್ನು ನನ್ನ ಮನೆಯಲ್ಲೇ ಮೊದಲು ಮುರಿಯಲೇ? ಮುರಿಯುವುದಿಲ್ಲ. ನಿಮ್ಮ ಹೊಸ್ತಿಲಿಗೆ ಹೆದರಿ ಅಲ್ಲ.

ಆದರೆ ಹೇಳದೆ ಇರುವುದು ಬೇರೆ, ಸುಳ್ಳು ಹೇಳುವುದು ಬೇರೆ. ಸುಮ್ಮನಿರುವ ಹಕ್ಕು ನಿಮಗಿದೆ. ಮೈಕು ಹಿಡಿದು ಇಲ್ಲದ ದಾರಿ ತೋರಿಸುವ ಹಕ್ಕು ಯಾರಿಗೂ ಇಲ್ಲ. ‘ಅದು ನನ್ನ ಖಾಸಗಿ ಮಾತು ತಾಯಂದಿರೇ’ ಎಂದು ಅಂದು ಹೇಳಿ ಎದ್ದು ಬಂದಿದ್ದರೆ ನಾನು ಈ ಜನ್ಮದಲ್ಲಿ ಕೇಳುತ್ತಿರಲಿಲ್ಲ.

ಬಸ್ಸಿನ ಮಾತು ಓದಿ ನನಗೆ ಆ ಕಂಡಕ್ಟರನ ಕೊರಳಪಟ್ಟಿ ಹಿಡಿಯಬೇಕೆನಿಸಿತು. ನಿಮಗೆ ಅನ್ನಿಸಲಿಲ್ಲ. ನೀವು ಆ ಬಸ್ಸಿನವರ ಪಕ್ಷ ಸೇರಿದಿರಿ. ದಪ್ಪ ಇರುವುದು ನಾಚಿಕೆ ಎಂದು ಅವರು ಹೇಳಿದ್ದನ್ನು ಒಪ್ಪಿಕೊಂಡು, ಮೈ ಇಳಿದ ಮೇಲೆ ಅದನ್ನೇ ಅತ್ಯಾಳಿಗೆ ಹೇಳಿಕೊಟ್ಟಿರಿ. ಅವರ ಮೇಲೆ ಬರಬೇಕಾಗಿದ್ದ ಸಿಟ್ಟು ಅವಳ ತಟ್ಟೆಯ ಮೇಲೆ ಬಿದ್ದಿದೆ.

ಮತ್ತೆ, ನೀವು ಸೋತಿರಿ ಎಂದು ಯಾರು ಹೇಳಿದರು? ಅಂದು ಹಸಿರು ಬಟ್ಟೆ ಹಾಕಿಸಿ ನಿಮ್ಮನ್ನು ಒಳಗೆ ಒಯ್ಯುವಾಗ ಮನೆಗೆ ಹೋಗೋಣ ಎಂದು ನನ್ನ ಕಡೆ ಕೈ ಚಾಚಿದಿರಿ. ನಾನು ಹಿಡಿದುಕೊಂಡೆ. ಹೆದರುತ್ತಲೇ ಹೋದಿರಿ. ನಿಮ್ಮ ಕುಸ್ತಿಗಳನ್ನು ನಾನು ನೋಡಿಲ್ಲ, ಇದನ್ನು ನೋಡಿದ್ದೇನೆ. ಅದನ್ನು ಹೇಳಲು ನಿಮಗೆ ನಾಚಿಕೆ ಎಂದರೆ ನನಗೆ ಅರ್ಥವಾಗುವುದಿಲ್ಲ.

ಉತ್ತರ ಬರೆಯಿರಿ.

ಮುಗ್ಧಾ


ಶಹಾಪುರ, ಬೆಳಗಾವಿ
20 ಜುಲೈ 2025

ಅತ್ಯಾ,

ನಮಸ್ಕಾರ. ಅಪ್ಪನಿಗೆ ಬರೆದ ಕಾಗದಕ್ಕೆ ಮೂರು ವಾರವಾದರೂ ಉತ್ತರ ಬರಲಿಲ್ಲ. ಆದ್ದರಿಂದ ನಿನಗೆ ಬರೆಯುತ್ತಿದ್ದೇನೆ.

ಶ್ರಾವಣ ಬಂತು. ಈ ವರ್ಷ ನೀನು ಇಡೀ ತಿಂಗಳು ಒಪ್ಪೊತ್ತು ಮಾಡುತ್ತೀ ಎಂದು ಗಜಾನನ ಹೇಳಿದ. ತಾಲೀಮಿನ ರಸೀದಿ ಪುಸ್ತಕ ಅಚ್ಚು ಹಾಕಿಸಲು ಅವನು ಪ್ರೆಸ್ಸಿಗೆ ಬಂದಿದ್ದ. ಅತ್ಯಾ, ನೀನು ಉಪವಾಸ ಮಾಡಬೇಡ. ಮಾಡಲೇಬೇಕಿದ್ದರೆ ಗುಳಿಗೆ ಕೊಡುವ ಡಾಕ್ಟರನ್ನು ಮೊದಲು ಕೇಳು. ಸಕ್ಕರೆ ಕಾಯಿಲೆಯ ಗುಳಿಗೆ ಊಟದ ಲೆಕ್ಕಕ್ಕೆ ಕೊಟ್ಟದ್ದು. ಊಟ ತಪ್ಪಿದರೆ ಗುಳಿಗೆಯನ್ನೂ ಬದಲಾಯಿಸಬೇಕಾಗುತ್ತದೆ. ಇದನ್ನು ನೀನಾಗಿ ಮಾಡುವ ಹಾಗಿಲ್ಲ.

ದೇವರಿಗೆ ಮಾಡುವ ಉಪವಾಸವಾದರೆ ಈ ಕಾಗದ ನಾನು ಬರೆಯುತ್ತಿರಲಿಲ್ಲ, ಜಗಳ ಮಾತ್ರ ಆಡುತ್ತಿದ್ದೆ. ಇದು ಬೇರೆ ಯಾರನ್ನೋ ನೋಡಿ ಮಾಡುವ ಉಪವಾಸ ಎಂದು ನನಗೆ ಅನ್ನಿಸುತ್ತದೆ. ಒಬ್ಬರ ಮೈಯಂತೆ ಇನ್ನೊಬ್ಬರ ಮೈ ಇರುವುದಿಲ್ಲ. ಒಬ್ಬರು ಹೇಗೆ ಇಳಿದರು ಎಂಬುದು ಹೊರಗಿನಿಂದ ಕಾಣುವುದಿಲ್ಲ. ಇದಕ್ಕಿಂತ ಹೆಚ್ಚು ನಾನು ಬರೆಯಲಾರೆ. ಏಕೆ ಎಂದು ಕೇಳಬೇಡ. ಅಪ್ಪನನ್ನು ಕೇಳು.

ನೀನು ಮಾಡುವ ಹಾಗಲಕಾಯಿ ಪಲ್ಯ ನೆನಪಾಗುತ್ತದೆ.

ನಿನ್ನ ಮುಗ್ಧಾ


ಖಾನಾಪುರ
30 ಜುಲೈ 2025

ಚಿ. ಮುಗ್ಧಾಳಿಗೆ ಅತ್ಯಾ ಮಾಡುವ ಆಶೀರ್ವಾದ.

ನನಗೆ ಕಾಗದ ಬರೆಯುವವರು ಯಾರೂ ಇಲ್ಲ, ಆದ್ದರಿಂದ ನಿನ್ನದನ್ನು ಎರಡು ಸಲ ಓದಿದೆ. ಏಳನೆಯ ಇಯತ್ತೆಗೆ ಶಾಲೆ ಬಿಟ್ಟವಳ ಅಕ್ಷರ, ತಿದ್ದಿ ಓದಿಕೋ.

ನೀನು ಹೇಳಿದಂತೆ ನಿಮ್ಮಪ್ಪನನ್ನು ಕೇಳಿದೆ. "ಮುಗ್ಧಾ ಏನೋ ಅಂತಾಳಲ್ಲೋ ಬಾಳು, ಏನದು?" ಎಂದೆ. "ಅಕಿಗೇನ್ ತಿಳೀತೈತಿ ಅಕ್ಕಾ, ಪುಸ್ತಕ ಓದಿ ತಲಿ ಕೆಟ್ಟೈತಿ" ಎಂದು ತಾಲೀಮಿಗೆ ಹೋದ. ಹೋಗುವಾಗ ಯಾಕೋ ಚಪ್ಪಲಿ ಅದಲು ಬದಲು ಹಾಕಿಕೊಂಡಿದ್ದ, ಬಾಳವ್ವ ನೋಡಿ ನಕ್ಕಳು.

ನೀನು ಚಿಂತೆ ಮಾಡಬೇಡ. ರಾತ್ರಿ ಒಂದು ಹೊತ್ತು ಊಟ ಮಾಡುತ್ತೇನೆ. ಸೋಮವಾರ ಮಾತ್ರ ಬರೀ ನೀರು. ಮಂಡಳಿಯಲ್ಲಿ ನಾವು ಆರು ಮಂದಿ ಹಿಡಿದಿದ್ದೇವೆ. ಬಾಳವ್ವ ಸಹ ಹಿಡಿದಿದ್ದಾಳೆ, ಆದರೆ ಅವಳ ಸೆರಗಿನಲ್ಲಿ ಶೇಂಗಾ ಇರುತ್ತದೆ, ನನಗೆ ಗೊತ್ತು. ನಿಮ್ಮಪ್ಪ ಶಿಬಿರದಿಂದ ಬಂದ ಮೇಲೂ ಎಷ್ಟೋ ದಿನ ಬರೀ ಬೇಳೆ ಕಟ್ಟು ಕುಡಿದು ಇದ್ದ. ನಾನೇ ಸೋಸಿ ಕೊಡುತ್ತಿದ್ದೆ. ಅಂಥ ಗಂಡಸು ಅಷ್ಟು ತಡೆದುಕೊಂಡರೆ ನನಗೇನು? ನಾನು ಅವನಿಗಿಂತ ದೊಡ್ಡವಳು.

ಗುಳಿಗೆಯ ಬಗ್ಗೆ ಹೆದರಬೇಡ. ಅದನ್ನು ಬಿಟ್ಟಿಲ್ಲ. ಹೊಟ್ಟೆ ಖಾಲಿ ಇದ್ದರೂ ಎರಡು ಹೊತ್ತು ತಪ್ಪದೆ ನುಂಗುತ್ತೇನೆ.

ಕುಪ್ಪಸದ ತೋಳು ಸಡಿಲಾಗಿದೆ. ನೀನು ಪಂಚಮಿಗೆ ಬರಲಿಲ್ಲ, ಚೌತಿಗೆ ಬಂದಾಗ ನೋಡುವೆಯಂತೆ.

ನಿನ್ನ ಅತ್ಯಾ,
ರಾಧಾಬಾಯಿ


ಶಹಾಪುರ, ಬೆಳಗಾವಿ
3 ಆಗಸ್ಟ್ 2025

ಅಪ್ಪಾ,

ಅತ್ಯಾ ಖಾಲಿ ಹೊಟ್ಟೆಯಲ್ಲಿ ಗುಳಿಗೆ ನುಂಗುತ್ತಿದ್ದಾಳೆ. ಸಕ್ಕರೆ ಇಳಿದು ಬೀಳುತ್ತಾಳೆ. ನಿನ್ನೆ ಅವಳಿಗೆ ಫೋನ್ ಮಾಡಿ ಹೇಳಿದೆ, ಗದರಿಸಿದೆ, ಅತ್ತೂ ಬಿಟ್ಟೆ. "ನಿಮ್ಮಪ್ಪ ಮಾಡಿದಾಗ ನೀ ಅಳಲಿಲ್ಲ, ನಾ ಮಾಡಿದರ ಅಳ್ತಿ. ಗಂಡಸಿಗೊಂದು ನಮಗೊಂದು ಏನಬೇ?" ಎಂದು ಕೇಳಿದಳು. ಹೆಣ್ಣು ಗಂಡು ಒಂದೇ ಎಂಬ ನನ್ನದೇ ಮಾತನ್ನು ನನಗೇ ತಿರುಗಿಸಿದಳು. ನನ್ನಲ್ಲಿ ಉತ್ತರ ಇತ್ತು. ಅಪ್ಪನನ್ನು ಕೇಳು ಎಂದಷ್ಟೇ ಹೇಳಿ ಫೋನ್ ಇಟ್ಟೆ.

ಅವಳು ನಂಬಿರುವುದು ನಿಮ್ಮನ್ನು. ನನ್ನ ನೂರು ಮಾತು ಅವಳಿಗೆ ತಾಗುವುದಿಲ್ಲ. ನೀವು ಆಪರೇಷನ್ ಆದ ಹೊಟ್ಟೆಗೆ ಬೇರೆ ಏನೂ ಹಿಡಿಸದೆ ಬೇಳೆ ಕಟ್ಟು ಕುಡಿದಿರಿ. ಅದನ್ನು ಅವಳು ಛಲ ಎಂದುಕೊಂಡಿದ್ದಾಳೆ, ಅದನ್ನು ಸೋಸಿ ಕೊಟ್ಟವಳು ಅವಳೇ. ನೀವು ಪಕ್ಕದ ಓಣಿಗೆ ನಡೆದು ಹೋಗಬೇಕು, ಅಷ್ಟೇ. ನಾಳೆ ಸೋಮವಾರ. ಈ ಕಾಗದ ತಲುಪುವ ಹೊತ್ತಿಗೆ ಅದು ಮುಗಿದಿರುತ್ತದೆ. ಮುಂದಿನ ಸೋಮವಾರದೊಳಗೆ ಹೇಳಿ.

ನಿಮ್ಮ ಹೆಸರು ಅವಳ ಜೀವಕ್ಕಿಂತ ದೊಡ್ಡದಲ್ಲ.

ಮುಗ್ಧಾ


ಖಾನಾಪುರ
14 ಆಗಸ್ಟ್ 2025

ಮುಗ್ಧಾ,

ಸೋಮವಾರ ಅಕ್ಕನಿಗೆ ಚಕ್ಕರ್ ಬಂದಿತ್ತು. ದವಾಖಾನೆಗೆ ಒಯ್ದೆವು. ಎರಡು ದಿನ ಇಟ್ಟುಕೊಂಡು ಕಳಿಸಿದರು. ಈಗ ಮನೆಯಲ್ಲಿದ್ದಾಳೆ, ಊಟ ಮಾಡುತ್ತಿದ್ದಾಳೆ. ಬಾಳವ್ವ ಜೊತೆಗಿದ್ದಾಳೆ. ನೀನು ಓಡಿ ಬರುವ ಅವಶ್ಯಕತೆ ಇಲ್ಲ.

ನನ್ನ ಊಟಕ್ಕೆ ಗಜಾನನನ ಮನೆಯಿಂದ ಡಬ್ಬಿ ಬರುತ್ತದೆ.

ಕಡಗ ಈಗ ನನ್ನ ಕೈಯಲ್ಲಿಲ್ಲ. ಅದರ ಬಗ್ಗೆ ಬರೆಯಬೇಡ.

ಅಪ್ಪ


ಶಹಾಪುರ, ಬೆಳಗಾವಿ
17 ಆಗಸ್ಟ್ 2025

ಅಪ್ಪಾ,

ನಾನು ಬರೆದದ್ದೇ ಆಯಿತು. ‘ಚಕ್ಕರ್ ಬಂದಿತ್ತು’ ಎಂದು ಎರಡು ಶಬ್ದದಲ್ಲಿ ಮುಗಿಸಿದ್ದೀರಿ. ಸಕ್ಕರೆ ಎಷ್ಟಕ್ಕೆ ಇಳಿದಿತ್ತು, ಯಾರು ನೋಡಿದರು, ಎಷ್ಟು ಹೊತ್ತು ಬಿದ್ದಿದ್ದಳು, ಯಾವುದೂ ಇಲ್ಲ. ಅತ್ಯಾ ನನ್ನ ಫೋನ್ ಎತ್ತುತ್ತಿಲ್ಲ. ಬಾಳವ್ವನಿಗೆ ಮಾಡಿದೆ. "ನಿಮ್ಮಪ್ಪನ್ನ ಕೇಳವಾ ತಂಗಿ. ನನ್ನ ಬಾಯಾಗ ಅದು ಬ್ಯಾಡ" ಎಂದು ಇಟ್ಟುಬಿಟ್ಟಳು. ಊರ ಸುದ್ದಿಯನ್ನೆಲ್ಲ ಹೇಳುವ ಬಾಳವ್ವ. ದವಾಖಾನೆಯಲ್ಲಿ ಏನು ನಡೆಯಿತು? ಕಡಗ ಎಲ್ಲಿ ಹೋಯಿತು? ಪಕ್ಕದ ಓಣಿಯಲ್ಲಿ ಅಕ್ಕ ಇರುವಾಗ ಡಬ್ಬಿ ಏಕೆ ಬರುತ್ತದೆ?

ಎರಡು ತಿಂಗಳು ನಾನು ನಿಯಮ ಹಿಡಿದು ಕೂತೆ. ಅದು ಸರಿಯಾದ ನಿಯಮ. ಈಗಲೂ ಹಾಗೇ ಅನ್ನುತ್ತೇನೆ. ಆದರೆ ಆ ಪುಸ್ತಕ ಬರೆದವರು ಸುಳ್ಳು ಹೇಳುವ ರೋಗಿಯನ್ನು ಯೋಚಿಸಿರಲಿಲ್ಲ. ಅವನನ್ನು ನಂಬಿ ಇನ್ನೊಬ್ಬಳು ಸಾಯಲು ಹೊರಟಾಗ ಏನು ಮಾಡಬೇಕೆಂದು ಎಂಟು ಪುಟದಲ್ಲಿ ಎಲ್ಲೂ ಇಲ್ಲ. ಅದನ್ನು ನಾನೇ ತೀರ್ಮಾನಿಸಬೇಕು, ತೀರ್ಮಾನಿಸಿದ್ದೇನೆ.

ಈ ತಿಂಗಳು ಮುಗಿಯುವುದರೊಳಗೆ ನೀವು ಅತ್ಯಾಳಿಗೆ ಹೇಳಬೇಕು. ಇಲ್ಲದಿದ್ದರೆ ನಾನು ಹೇಳುತ್ತೇನೆ. ಹೊಸ್ತಿಲನ್ನು ನೀವೇ ಇಟ್ಟುಕೊಳ್ಳಿ.

ಮುಗ್ಧಾ


ಖಾನಾಪುರ
30 ಆಗಸ್ಟ್ 2025

ಬಾಳಕೃಷ್ಣನಿಗೂ ಮುಗ್ಧಾಳಿಗೂ,

ಇಬ್ಬರಿಗೂ ಇದೇ ಕಾಗದ. ಎರಡು ಸಲ ಬರೆದು ಒಂದನ್ನು ಓಣಿಯಾಚೆ ಬಾಳವ್ವನ ಕೈಯಲ್ಲಿ, ಇನ್ನೊಂದನ್ನು ಬೆಳಗಾವಿಗೆ ಕಳಿಸುತ್ತಿದ್ದೇನೆ. ಒಬ್ಬರಿಗೆ ಬರೆದದ್ದನ್ನು ಇನ್ನೊಬ್ಬರು ಓದಬಾರದು ಎನ್ನುವ ಚಾಳಿ ನಿಮ್ಮದು, ನನ್ನದಲ್ಲ.

ಮುಗ್ಧಾ, ದವಾಖಾನೆಯಲ್ಲಿ ಏನಾಯಿತೆಂದು ನಿನಗೆ ಯಾರೂ ಹೇಳಿರಲಿಕ್ಕಿಲ್ಲ. ಅರ್ಧ ನಾನು ಕೇಳಿದ್ದು, ಇನ್ನರ್ಧ ಮಗ್ಗುಲಲ್ಲಿ ನಿಂತಿದ್ದ ಬಾಳವ್ವ ಹೇಳಿದ್ದು.

ಸೋಮವಾರ ನೀರು ಸೇದುವಾಗ ಕಣ್ಣು ಕತ್ತಲಿಟ್ಟು ಕೊಡ ಬಿಟ್ಟೆ. ಆಮೇಲೆ ನೆಲ. ನಿಮ್ಮಪ್ಪ ಓಡಿ ಬಂದು ರಿಕ್ಷಾದಲ್ಲಿ ಹಾಕಿಕೊಂಡು ಒಯ್ದ. ದಾರಿಯಲ್ಲಿ ತನ್ನ ಬೆಳ್ಳಿ ಕಡಗ ತೆಗೆದು ನನ್ನ ಕೈಗೆ ತೊಡಿಸಿದ. ಕಣಕ್ಕೆ ಇಳಿಯುವ ಹುಡುಗರಿಗೆ ಅವನು ಹಾಗೇ ತೊಡಿಸಿ ಕಳಿಸುತ್ತಾನೆ, ಧೈರ್ಯ ಬರಲಿ ಎಂದು. "ಏನೂ ಆಗಂಗಿಲ್ಲಕ್ಕಾ, ಕಡಗ ಹಾಕೀನಿ, ಏನೂ ಆಗಂಗಿಲ್ಲ" ಎಂದು ಅಳುತ್ತಿದ್ದ. ಅದು ಕೇಳಿಸಿತು. ಆ ಅಳು ಖರೇ. ಅದರ ಬಗ್ಗೆ ನನಗೆ ತಕರಾರಿಲ್ಲ.

ಅಲ್ಲಿ ರಕ್ತ ಚುಚ್ಚಿ ನೋಡಿ, ಸಕ್ಕರೆ ತಳ ಕಂಡಿದೆ ಎಂದರು. ಸಲಾಯಿನ್ ಹಚ್ಚಲು ನನ್ನ ದಪ್ಪ ಕೈಯಲ್ಲಿ ನರ ಸಿಗಲಿಲ್ಲ. ಅದು ಸಿಗುವತನಕ ಬಾಯಿಗಾದರೂ ಹಾಕೋಣ ಎಂದು ಒಬ್ಬ ನರ್ಸ್ ಗ್ಲುಕೋಸ್ ಕಲಸಿ ತಂದಳು. ಒಂದು ಚಮಚ ನಾಲಿಗೆಗೆ ಬಿತ್ತು, ಸಿಹಿ ತಿಳಿಯಿತು. ಇನ್ನೊಬ್ಬಳು ಮಣಿಕಟ್ಟಿನಲ್ಲಿ ನರ ಹುಡುಕಲು ಕಡಗ ತೆಗೆದಳು. ತೆಗೆದವಳು ಒಳಗೆ ಓದಿದಳು.

"ಏ ತಡಿ, ಬಾಯಾಗ ಸಕ್ಕರಿ ಹಾಕಬ್ಯಾಡ. ಇವರಿಗೆ ಬೈಪಾಸ್ ಆಗೇತಿ."

ಚಮಚ ಹೋಯಿತು. ಡಾಕ್ಟರು ಬಂದರು. ಆಪರೇಷನ್ ಯಾವಾಗ ಆಗಿದೆ, ಎಲ್ಲಿ ಆಗಿದೆ ಎಂದು ಕೇಳಿದರು. ನನಗೆ ಕೇಳಿಸುತ್ತಿತ್ತು, ನಾಲಿಗೆ ಏಳುತ್ತಿರಲಿಲ್ಲ. ನನ್ನ ಸೀರೆ ಸರಿಸಿ ಹೊಟ್ಟೆಯ ಮೇಲೆ ಗಾಯದ ಗುರುತು ಹುಡುಕಿದರು. ಬಾಳವ್ವ "ಯಾವ ಆಪರೇಷನ್ರಿ, ಅಕಿಗೆ ಬೆರಳು ಸಹ ಕೊಯ್ದಿಲ್ಲ" ಎಂದು ಒದರುತ್ತಿದ್ದಳು. ಅವರು ಕೇಳುವುದರಲ್ಲಿ ತಪ್ಪಿಲ್ಲ. ಬರೆದದ್ದನ್ನು ಅವರು ನಂಬಿದರು. ಬರೆದದ್ದು ಯಾರದು ಎಂದು ಗೊತ್ತಿದ್ದವನು ಒಬ್ಬನೇ, ಅವನು ಮಂಚದ ಕಾಲಿನ ಹತ್ತಿರ ಗೋಡೆ ಹಿಡಿದು ನಿಂತಿದ್ದ.

ಬಾಳ್ಯಾ, ನೀನು ಎಷ್ಟು ಹೊತ್ತು ಸುಮ್ಮನಿದ್ದೆ ಎಂದು ನನಗೆ ಗೊತ್ತಿಲ್ಲ. ನನಗೆ ಬಹಳ ಹೊತ್ತು ಅನ್ನಿಸಿತು. ಡಾಕ್ಟರು ಮೂರನೆಯ ಸಲ ಕೇಳಿದ ಮೇಲೆ "ಅದು ನಂದು" ಎಂದೆಯಂತೆ. ಬಾಳವ್ವ ಹೇಳಿದಳು, ನನಗೆ ಅದು ಕೇಳಿಸಲಿಲ್ಲ. ಅಷ್ಟರಲ್ಲಿ ನಾನು ಇರಲಿಲ್ಲ. ಎಚ್ಚರಾದಾಗ ಸಲಾಯಿನ್ ಹತ್ತಿತ್ತು.

ಆಪರೇಷನ್ ಮಾಡಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಹೇಳಿದ್ದರೆ ನಾನೇ ಬಂದು ನಿನ್ನ ಮಂಚದ ಕೆಳಗೆ ಚಾಪೆ ಹಾಸಿಕೊಳ್ಳುತ್ತಿದ್ದೆ. ನನಗೆ ಹೇಳದೆ ಇದ್ದದ್ದಕ್ಕೂ ಸಿಟ್ಟು ಅಷ್ಟಿಲ್ಲ. ಸೋಸಿದ ಬೇಳೆ ಕಟ್ಟು ನನ್ನ ಕೈಯಿಂದಲೇ ಕುಡಿದು, ಅದೇ ಬಾಯಲ್ಲಿ "ನಮ್ಮಕ್ಕಗ ನಾಲಗಿ ಹತೋಟಿ ಇಲ್ರಿ" ಎಂದು ಮಂಡಳಿಯ ಮುಂದೆ ನಗಿಸಿದೆಯಲ್ಲ, ಅದಕ್ಕೆ ಸಿಟ್ಟು. ಎಲ್ಲರೂ ನಕ್ಕರು. ನಾನೂ ನಕ್ಕೆ. ಮನೆಗೆ ಬಂದು ರೊಟ್ಟಿ ಬಿಟ್ಟೆ.

ಮುಗ್ಧಾ, ನೀನು ಖುಷಿ ಪಡಬೇಡ. ನಿನಗೆ ಎಲ್ಲ ಗೊತ್ತಿತ್ತು. ನಿನ್ನ ಕಾಗದ ಮತ್ತೆ ತೆಗೆದು ಓದಿದೆ. ಇಷ್ಟುದ್ದ ಬರೆದಿದ್ದೀ, ಬೇಕಾದ ಮಾತು ಮಾತ್ರ ಇಲ್ಲ. ನಿಮ್ಮಪ್ಪನಿಗೆ ನೀನು ಬರೆದವನ್ನೂ ಅವನು ಮೊನ್ನೆ ಬಾಳವ್ವನ ಕೈಯಲ್ಲಿ ಕಳಿಸಿದ್ದ, ಓದಿದೆ. ನಿನ್ನ ನಿಯಮ ಒಳ್ಳೆಯದೇ ಇರಬಹುದು, ನನಗೆ ಓದು ಕಡಿಮೆ. ಆದರೆ ನಿಯಮ ಮುರಿಯದೆಯೂ ನೀನು ಬಸ್ಸು ಹತ್ತಿ ಬರಬಹುದಿತ್ತು. ಬಂದು ನನ್ನ ಮುಂದೆ ಕೂತು, ನಾನು ತಿನ್ನುವತನಕ ಏಳುವುದಿಲ್ಲ ಎನ್ನಬಹುದಿತ್ತು. ಬೆಳಗಾವಿ ಏನು ಕಾಶಿಯೇ? ನೀವಿಬ್ಬರೂ ಎರಡು ತಿಂಗಳು ನನ್ನ ತಲೆಯ ಮೇಲೆ ಕಾಗದ ಹಾರಿಸಿದಿರಿ. ಕೆಳಗೆ ನಾನು ಉಪವಾಸ ಇದ್ದೆ.

ಕಡಗ ದವಾಖಾನೆಯವರು ನನ್ನ ಕೈಗೇ ಕೊಟ್ಟರು. ಅಕ್ಕಸಾಲಿಗನ ಹತ್ತಿರ ಬಿಲ್ಲೆ ಬಿಡಿಸಿದ್ದೇನೆ. ಬಾಳ್ಯಾ, ನಿನ್ನ ಕಾಗದದ ಜೊತೆ ಅದು ಇದೆ, ಸ್ಟೀಲ್ ಸರಪಳಿಗೆ ಹಾಕಿಸಿಕೋ. ಬೆಳ್ಳಿ ಕಡಗ ನನ್ನ ಪೆಟ್ಟಿಗೆಯಲ್ಲಿ ಇರುತ್ತದೆ. ಈಗ ಕೇಳಬೇಡ.

ಇನ್ನು ಕೆಲಸದ ಮಾತು. ನಾನು ಬಿದ್ದು ಎದ್ದೆ, ನನಗೆ ತಿಳಿಯಿತು. ಮಂಡಳಿಯಲ್ಲಿ ಇನ್ನೂ ನಾಲ್ಕು ಮಂದಿ ನಿನ್ನ ಮಾತು ಹಿಡಿದು ನಡೆದಿದ್ದಾರೆ, ಶ್ರಾವಣ ಮುಗಿದರೂ ಬಿಟ್ಟಿಲ್ಲ. ನಿನ್ನ ತಾಲೀಮಿನ ಹುಡುಗ ಸೋಮಲಿಂಗನ ತಾಯಿ ಎರಡು ಲೋಟ ಹಾಲಿನ ಮೇಲೆ ಇದ್ದಾಳೆ. ಅವಳಿಗೂ ಸಕ್ಕರೆ ಇದೆ, ಗುಳಿಗೆ ಇದೆ. ಬಿಡು ಎಂದು ನಾನು ಹೇಳಿದರೆ, "ನಿಮಗ ಆಗಲಿಲ್ಲ, ಅದಕ್ಕ ನಮಗೂ ಬ್ಯಾಡ ಅಂತೀರಿ" ಎನ್ನುತ್ತಾಳೆ. ಬಾಳವ್ವನ ಬಾಯಿಗೆ ನಾನೇ ಕೈ ಅಡ್ಡ ಹಿಡಿದಿದ್ದೇನೆ. ನಿನ್ನ ಮೈಯ ಮಾತು ಬೇರೆಯವರ ಬಾಯಿಂದ ಬರಬಾರದು ಎಂದು ನಿನ್ನ ಮಗಳ ನಿಯಮ ಇದೆಯಲ್ಲ, ಅದನ್ನು ನಾನೂ ಪಾಲಿಸುತ್ತಿದ್ದೇನೆ. ಆದ್ದರಿಂದ ನೀನೇ ಬಂದು ಹೇಳಬೇಕು.

ಕ್ಷಮೆ ಕೇಳಲು ಬರಬೇಡ, ಅದನ್ನು ಇಟ್ಟುಕೊಂಡು ನಾವೇನು ಮಾಡೋಣ? ಎಷ್ಟು ಭಾರ ಇದ್ದೆ, ಹೊಟ್ಟೆಗೆ ಏನು ಮಾಡಿದರು, ಈಗ ಎಷ್ಟು ತುತ್ತು ಹಿಡಿಸುತ್ತದೆ, ಸಿಹಿ ತಿಂದರೆ ಏನಾಗುತ್ತದೆ, ಸಾಯುವತನಕ ಯಾವ ಗುಳಿಗೆ ನುಂಗಬೇಕು, ಅಷ್ಟನ್ನು ಹೇಳು. ಬಿಲ್ಲೆಯನ್ನು ಅವರ ಕೈಗೆ ಕೊಡು, ಓದಲಿ. ಇಂಗ್ಲಿಷಿನಲ್ಲಿ ಇರುವುದನ್ನು ಮುಗ್ಧಾ ಕನ್ನಡದಲ್ಲೂ ಮರಾಠಿಯಲ್ಲೂ ಹೇಳಲಿ. ಯಾರಾದರೂ ನಕ್ಕರೆ ನಾನು ನೋಡಿಕೊಳ್ಳುತ್ತೇನೆ. ನಗುವವರನ್ನು ಹೇಗೆ ನೋಡಿಕೊಳ್ಳಬೇಕೆಂದು ನನಗೆ ನಿನಗಿಂತ ಚೆನ್ನಾಗಿ ಗೊತ್ತು.

ಈ ಸಲ ನಿನಗೆ ಖುರ್ಚಿ ಇಲ್ಲ, ಮೈಕೂ ಇಲ್ಲ. ನಮ್ಮ ಜೊತೆ ಜಮಖಾನೆಯ ಮೇಲೆ ಕೂಡು. ಮುಗ್ಧಾ, ನೀನು ರಜೆ ಹಾಕಿ ಬಾ.

ಊರಿನ ಗಣಪತಿಗಳು ನೀರಿಗೆ ಹೋದ ಮೇಲಿನ ಮೊದಲ ಭಜನೆ. ಮಾರುತಿ ಗುಡಿ, ಸೆಪ್ಟೆಂಬರ್ ಹನ್ನೊಂದು, ಗುರುವಾರ, ಸಂಜೆ ನಾಲ್ಕು ಗಂಟೆಗೆ.

ರಾಧಾಬಾಯಿ